ಅಮೀರನ ಅಕ್ಕ ಮಾಬವ್ವ

"ಏನೇ ಪಿಂಜಾರಿ, ಕಿವಿಗೇನು ಅರಳೆ ತುರುಕ್ಕೊಂಡಿದೀಯಾ? ಕರೆದ್ರೆ ಓ ಅನ್ನಕ್ಕೇನು ದಾಡಿ ನಿಂಗೆ?"

ದಸ್ತಗೀರ್ ಸಾಹೇಬ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಿದ. ನಜ್ಮುನ್ನೀಸಾ ಮೊಣಕೈವರೆಗೂ ಹಿಟ್ಟಿನಲ್ಲಿದ್ದಳು. ಸಂಜೆ ಇನ್ನೂರು ಜನರ ಮದುವೆಯೂಟವಿತ್ತು. ಎಡಗೈಯ ಎರಡು ಬೆರಳಿಗೆ ತುದಿಯಿಲ್ಲದ್ದರಿಂದ ಅವಳು ಹಿಟ್ಟನ್ನು ಮುಷ್ಟಿಯಿಂದಲೇ ಗುದ್ದಿ ನಾದುತ್ತಿದ್ದಳು.

"ಕೇಳ್ಸೈತ್ರಿ."

"ಕೇಳಿದ್ರೆ ಕೈ ತೊಳ್ಕೊ. ಅಮೀರರ ಕಡೆಯೋರು ಹಾಲ್‌ನಲ್ಲಿ ಕೂತವ್ರೆ. ಖಾಜಿ ಸಾಹೇಬ್ರು ನಿನ್ನ ಮೋರೆ ನೋಡಕ್ಕೆ ಅಷ್ಟು ದೂರದಿಂದ ಬಂದಿಲ್ಲ. ಹೇಳಿಕೊಟ್ಟಿದ್ದು ನೆನಪಿದ್ಯಾ?"

"ಐತ್ರಿ."

"ಏನ್ ಹೇಳ್ತೀಯಾ?"

"ಹುಡುಗಗ ಹಾಲು ಕೊಟ್ಟೀನಿ. ಹುಡುಗಿಗಿ ಕೊಟ್ಟಿಲ್ಲ."

"ಅಷ್ಟೆ. ಒಂದು ಮಾತು ಜಾಸ್ತಿ ಆಡಿದ್ರೆ ಇಮಿಗ್ರೇಷನ್ನೋರಿಗೆ ನಾನೇ ಫೋನ್ ಮಾಡ್ತೀನಿ, ಸೂಳೆ ತಂದು. ಕೈಗೆ ಬೇಡಿ ಹಾಕ್ಕೊಂಡು ಎಳ್ಕೊಂಡು ಹೋಗ್ತಾರೆ."

ದಸ್ತಗೀರ್ ಮೈಸೂರಿನ ಮಂಡಿ ಮೊಹಲ್ಲಾದಿಂದ ಡಾಲರು ದುಡಿಯಲು ಬಂದವನು. ವೆಸ್ಟ್‌ಮಂಟಿನಲ್ಲಿ ಶಾದಿಮಹಲು ಕಟ್ಟಿಸಿ, ಮಸೀದಿಯ ಕಮಿಟಿಯಲ್ಲಿ ಕುರ್ಚಿ ಹಿಡಿದು ದೊಡ್ಡ ಮನುಷ್ಯನಾಗಿದ್ದ. ಕಾಗದಪತ್ರವಿಲ್ಲದ ಹೆಂಗಸಿಗೆ ಅನ್ನ, ನೆರಳು ಕೊಟ್ಟ ಪುಣ್ಯಾತ್ಮ ಅಂತ ಶುಕ್ರವಾರದ ನಮಾಜಿಗೆ ಬಂದವರು ಹೊಗಳುತ್ತಿದ್ದರು. ನೆರಳು ಅಂದರೆ ಅಡುಗೆಮನೆಯ ಹಿಂದೆ, ಈರುಳ್ಳಿ ಮೂಟೆಗಳ ನಡುವೆ ಹಾಸಿದ ಒಂದು ಚಾಪೆ. ಮೂರು ವರ್ಷದಿಂದ ಅವಳು ಆ ಚಾಪೆಯಲ್ಲಿದ್ದಳು.

ಅವನು ಅತ್ತ ಹೋದಮೇಲೆ ಪದ್ಮಮ್ಮ ಸೌಟು ಕೆಳಗಿಟ್ಟಳು. ಮಂಡ್ಯ ಕಡೆಯ ಹೆಂಗಸು. ಹಿಂದೂಗಳ ಸಮಾರಂಭವಿದ್ದರೆ, ಇಲ್ಲವೇ ಲೆಮಾಂಟಿನ ಗುಡಿಗೆ ಪುಳಿಯೋಗರೆ ಕಳಿಸುವುದಿದ್ದರೆ ಬಂದು ಬೇಯಿಸುತ್ತಿದ್ದಳು. ಇವತ್ತು ಸಾರಿನ ಕೆಲಸಕ್ಕೆ ಬಂದಿದ್ದಳು.

"ಬೂಬಮ್ಮ, ಯಾಕಂಗೆ ನಡುಗ್ತಾ ಇದೀಯೇ?"

"ನಡುಗೂದಲ್ಲವ್ವ ಇದು," ಅಂದಳು ನಜ್ಮುನ್ನೀಸಾ. "ಸಿಟ್ಟು."

ವಿಷಯ ಇಷ್ಟು. ಭೂಪಟದಲ್ಲಿ ಅರಬ್ಬರ ಆ ಅಮೀರನ ದೇಶ ನೊಣ ಕೂತು ಎದ್ದುಹೋದಷ್ಟು ಜಾಗ. ನೆಲದ ಕೆಳಗೆ ಎಣ್ಣೆ ಇರುವುದರಿಂದ ಅದರ ದೊರೆಯನ್ನು ಕಂಡರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಕಳೆದ ರಮಜಾನಿನಲ್ಲಿ ಹಳೆಯ ಅಮೀರ ತೀರಿಕೊಂಡು, ನಾಲ್ಕು ಗಂಡುಮಕ್ಕಳಲ್ಲಿ ಕೊನೆಯವನು, ಇಪ್ಪತ್ತಾರರ ಹುಡುಗ, ಗಾದಿಗೆ ಬಂದ. ದೊಡ್ಡವನು ಕಾರು ಹಾರಿಸಲು ಹೋಗಿ ಸತ್ತಿದ್ದ. ಎರಡನೆಯವನು ಕುಡಿದು ಕುಡಿದು ಮೂಲೆ ಸೇರಿದ್ದ. ಮೂರನೆಯವನನ್ನು ಚಿಕ್ಕಪ್ಪನ ಸೈನಿಕರು ಒಂದು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಿ ವಿಮಾನ ಹತ್ತಿಸಿದರು. ಸೈನ್ಯವೆಲ್ಲ ಆ ಚಿಕ್ಕಪ್ಪನ ಕೈಯಲ್ಲಿತ್ತು. ಅವನ ಷರತ್ತು ಒಂದೇ, ತನ್ನ ಮಗಳನ್ನು ಮದುವೆಯಾಗಬೇಕು. ಅಳಿಯನಾದರೆ ಗಾದಿ, ಇಲ್ಲವಾದರೆ ಈ ಹುಡುಗನಿಗೂ ವಿಮಾನ ಸಿದ್ಧವಾಗಿತ್ತು.

ಮದುವೆಗೆ ದಿನ ಗೊತ್ತಾದ ಮೇಲೆ ಅರಮನೆಯ ಮುದಿ ದಾದಿಯೊಬ್ಬಳು ಸಾಯುವಾಗ ಬಾಯಿಬಿಟ್ಟಳು. ಹುಡುಗನಿಗೆ ಹಾಲೂಡಿಸಿದ ಹಿಂದೂಸ್ತಾನದ ಹೆಂಗಸು ಆ ಹುಡುಗಿಗೂ ಊಡಿಸಿದ್ದಾಳೆ ಅಂದಳು. ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರ ಸಮ, ಅವರ ನಡುವೆ ನಿಕಾಹ್ ಹರಾಮು. ಚಿಕ್ಕಪ್ಪ ಯಾವ ಪಾಪಕ್ಕೂ ಹಿಂಜರಿದವನಲ್ಲ, ಇದೊಂದಕ್ಕೆ ಹೆದರಿದ. ಹಾಲು ಕೊಟ್ಟವಳ ಬಾಯಿಂದಲೇ ಕೇಳಿಕೊಂಡು ಬನ್ನಿ ಅಂತ ತನ್ನ ಖಾಜಿಯನ್ನು ಕಳಿಸಿದ. ಈ ವಿಷಯದಲ್ಲಿ ಹಾಲೂಡಿಸಿದ ಹೆಂಗಸಿನ ಒಂದು ಮಾತು ಸಾಕು, ಅವಳು ರಾಣಿಯಾಗಲಿ ಗುಲಾಮಳಾಗಲಿ, ಅನ್ನುವುದು ಆ ಖಾಜಿ ನಂಬಿದ ಕಾನೂನು.

ಸುರಪುರದ ಪಿಂಜಾರ ಓಣಿಯಲ್ಲಿ ಹತ್ತಿ ಹಿಂಜುವವರ ಮನೆಯಲ್ಲಿ ಹುಟ್ಟಿದ ನಜ್ಮುನ್ನೀಸಾಳ ಮಾತಿಗೆ ನಲವತ್ತೈದು ವರ್ಷದಲ್ಲಿ ಮೊದಲ ಸಲ ಬೆಲೆ ಬಂದಿತ್ತು.

ಅವಳು ಕೈ ತೊಳೆಯುತ್ತಿರುವಾಗ ಘಾನಿಂ ಅಡುಗೆಮನೆಗೆ ಬಂದ. ಅಮೀರನ ಖಾಸಾ ಕಾರ್ಯದರ್ಶಿ. ಮೂಗಿಗೆ ಕರವಸ್ತ್ರ ಹಿಡಿದಿದ್ದ. ಜೇಬಿನಿಂದ ಅವಳ ಹಳೆಯ ಪಾಸ್‌ಪೋರ್ಟು ತೆಗೆದು ತೋರಿಸಿದ. ಏಳು ವರ್ಷದ ಹಿಂದೆ ಡೆಟ್ರಾಯಿಟಿನ ವಿಮಾನ ನಿಲ್ದಾಣದಲ್ಲಿ ಅವಳ ಕೈಯಿಂದ ಕಿತ್ತುಕೊಂಡವನು ಇವನೇ.

"ಹೇಳಿದಂತೆ ಹೇಳು, ಇದು ನಿನ್ನದು," ಅಂದ ಅರಬ್ಬಿಯಲ್ಲಿ. "ಊರಿಗೆ ಹೋಗು. ಮನೆ ಕಟ್ಟಿಸಿ ಕೊಡುತ್ತೇವೆ. ಅಮೀರರು ನಿನ್ನನ್ನು ಮರೆತಿಲ್ಲ."

ಅವಳು ಉಗುರಿಗೆ ಮೆತ್ತಿದ ಹಿಟ್ಟು ತಿಕ್ಕಿ ತೆಗೆದಳು.

"ಬೆರಳು ವಾಸಿಯಾಯಿತೇ?" ಅಂತ ಕೇಳಿ ನಕ್ಕ. ಅದೊಂದು ಮಾತು ಅವನು ಆಡಬಾರದಿತ್ತು.

ಈಗ ಅಮೀರನಾದ ದೊರೆಮಗ ಓದಲು ಡೆಟ್ರಾಯಿಟಿನ ಪಕ್ಕದ ಸೌತ್‌ಫೀಲ್ಡಿಗೆ ಬಂದಾಗ, ಅವನಿಗೆ ಬೇರೆಯವರ ಅಡುಗೆ ಸೇರುವುದಿಲ್ಲ ಅಂತ ಇವಳನ್ನೂ ಸಾಮಾನಿನ ಜೊತೆ ಕರೆತಂದಿದ್ದರು. ಒಂಬತ್ತನೇ ಮಹಡಿಯ ಅಪಾರ್ಟ್‌ಮೆಂಟು. ಅವಳು ಮಲಗುತ್ತಿದ್ದದ್ದು ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ. ಮೂರು ವರ್ಷದ ಹಿಂದಿನ ಜನವರಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಅವನ ಗೆಳೆಯರು ಟಿ.ವಿ.ಯಲ್ಲಿ ಆಟ ನೋಡುತ್ತ ಕೂತಿದ್ದರು. ಅವನ ಗಲ್ಲಕ್ಕೆ ಸಾರು ಇಳಿದಿತ್ತು. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸ, ಅವಳು ಮರೆತು ಸೆರಗಿನಿಂದ ಒರೆಸಿದಳು. "ಯಪ್ಪಾ, ಸಾವಕಾಶ ಉಣ್ಣು" ಅಂದಳು.

ಗೆಳೆಯರಲ್ಲೊಬ್ಬ ನಿನ್ನ ತಾಯಿಯಾ ಅಂತ ಕೇಳಿದ. ಉಳಿದವರು ನಕ್ಕರು.

ದೊರೆಮಗ ಎದ್ದು ಅವಳ ಜುಟ್ಟು ಹಿಡಿದು ಬಾಲ್ಕನಿಗೆ ತಳ್ಳಿ ಗಾಜಿನ ಬಾಗಿಲು ಎಳೆದು ಚಿಲಕ ಹಾಕಿದ. ಫ್ಯಾರನ್‌ಹೀಟಿನಲ್ಲಿ ಸೊನ್ನೆಗೂ ಕೆಳಗಿನ ಚಳಿ. ಕಾಲಲ್ಲಿ ಚಪ್ಪಲಿ ಇರಲಿಲ್ಲ. "ಯಪ್ಪಾ, ಬಾಗ್ಲಾ ತಗೀ" ಅಂತ ಗಾಜು ಬಡಿದಳು. ಅವನು ಒಮ್ಮೆ ಈ ಕಡೆ ನೋಡಿದ, ಆಮೇಲೆ ಟಿ.ವಿ.ಯ ಸದ್ದು ಜಾಸ್ತಿ ಮಾಡಿದ. ಆಟ ಮುಗಿಯುವವರೆಗೂ ಅವಳು ಅಲ್ಲೇ ಇದ್ದಳು. ಮಾರನೆಯ ದಿನ ಕರಿಗಟ್ಟಿದ ಬೆರಳುಗಳ ಸಮೇತ ಘಾನಿಂ ಅವಳನ್ನು ಒಂದು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಹೋದ. ಮತ್ತೆ ಬರಲಿಲ್ಲ. ಆ ಬೇಸಿಗೆಗೇ ಹುಡುಗ ಪದವಿ ಹಿಡಿದು ದೇಶಕ್ಕೆ ಹಾರಿದ. ಯಾರೋ ಸುದ್ದಿ ಕೊಟ್ಟು ದಸ್ತಗೀರ್ ವ್ಯಾನು ತಂದು ಅವಳನ್ನು ಹತ್ತಿಸಿಕೊಂಡ. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಬಂದಳು, ಅಷ್ಟೇ.

ಹಾಲ್‌ನಲ್ಲಿ ಮದುವೆಯ ಬಲೂನುಗಳ ಕೆಳಗೆ ಖಾಜಿ ಕೂತಿದ್ದ. ಕಣ್ಣಿಗೆ ಪೊರೆ ಬಂದ ಮುದುಕ. ಮುಂದೆ ಕಾಗದ, ಲೇಖನಿ, ಹೆಬ್ಬೆಟ್ಟಿನ ಶಾಯಿಡಬ್ಬಿ. ಅವಳಿಗೆ ಕುರ್ಚಿ ಇರಲಿಲ್ಲ. ಘಾನಿಂ ಅವಳ ಹಿಂದೆ ನಿಂತ, ದಸ್ತಗೀರ್ ಪಕ್ಕದಲ್ಲಿ ಕೈಕಟ್ಟಿ ನಿಂತ.

"ಹೆದರಬೇಡ," ಅಂದ ಖಾಜಿ. "ಅಮೀರರಿಗೆ ನೀನು ಹಾಲೂಡಿಸಿದೆಯಾ?"

"ಊಡಿಸಿದೆ."

"ಹೇಗೆ ಅಂತ ಹೇಳು."

ಹೇಗೆ ಅಂತ ಇದುವರೆಗೆ ಯಾರೂ ಕೇಳಿರಲಿಲ್ಲ. ಅವಳ ಗಂಡ ಅರಮನೆಯ ಹಾಸಿಗೆ ತುಂಬುವ ಕೆಲಸಕ್ಕೆ ಮುಂಬಯಿಯಿಂದ ಹೋದವನು, ಇವಳನ್ನೂ ಜೊತೆಗೆ ಕರೆದೊಯ್ದಿದ್ದ. ಇವಳ ಕಂಕುಳಲ್ಲಿ ನಾಲ್ಕು ತಿಂಗಳ ಕೂಸಿತ್ತು. ಅತ್ತೆಯ ಹೆಸರಿಟ್ಟಿದ್ದರು, ಮಾಬವ್ವ. ರಾಣಿಗೆ ಹಾಲು ಬರಲಿಲ್ಲ ಅಂತ ಇವಳನ್ನು ಕರೆದೊಯ್ದು ಮೈ ತಿಕ್ಕಿ ತೊಳೆದರು, ಬಾಯಿ ಅಗಲಿಸಿ ಹಲ್ಲು ನೋಡಿದರು. ಎರಡು ಕೂಸಿಗೂ ಸಾಲುತ್ತದೆ ಅಂದದ್ದಕ್ಕೆ ರಾಣಿಯ ತಾಯಿ ಕಪಾಳಕ್ಕೆ ಹೊಡೆದಳು. ಅಮೀರನ ಮಗ ಬಾಯಿಟ್ಟ ಮೊಲೆಗೆ ನಿನ್ನ ಮಗಳು ಬಾಯಿಡುವುದಾ ಅಂದಳು. ಪ್ರತಿ ಸಲ ಹಾಲು ಕುಡಿಸಿದ ಮೇಲೆ ದಾದಿಯೊಬ್ಬಳು ಇವಳ ಎದೆಗೆ ಬಟ್ಟೆ ಬಿಗಿದು, ಬೆನ್ನ ಹಿಂದಿನ ಗಂಟಿಗೆ ಅರಗು ಇಟ್ಟು ಮುದ್ರೆ ಒತ್ತುತ್ತಿದ್ದಳು. ಈಗ ಸಾಯುವಾಗ ಬಾಯಿಬಿಟ್ಟವಳು ಅವಳೇ.

ಮಾಬವ್ವನಿಗೆ ಡಬ್ಬಿಯ ಹಾಲಿನ ಪುಡಿಯನ್ನು ಬಾವಿಯ ಉಪ್ಪುನೀರಿನಲ್ಲಿ ಕಲೆಸಿ ಕೊಟ್ಟರು. ಎರಡು ಗೋಡೆಯಾಚೆ ಅದು ಅಳುವುದು ಕೇಳುತ್ತಿತ್ತು. ಅಳು ಕೇಳಿದಾಗಲೆಲ್ಲ ಇವಳಿಗೆ ಹಾಲು ಒತ್ತಿಕೊಂಡು ಬರುತ್ತಿತ್ತು, ಆ ಹಾಲನ್ನು ದೊರೆಮಗ ಕುಡಿಯುತ್ತಿದ್ದ. ಹತ್ತೊಂಬತ್ತನೆಯ ದಿನ ಅಳು ನಿಂತಿತು. ಅತ್ತರೆ ಹಾಲು ಕೆಡುತ್ತದೆ, ಅಳಕೂಡದು ಅಂತ ಅಪ್ಪಣೆಯಾಯಿತು. ಅವಳು ಅಳಲಿಲ್ಲ. ಇಪ್ಪತ್ತಾರು ವರ್ಷವಾಯಿತು, ಇನ್ನೂ ಅತ್ತಿಲ್ಲ.

ಇದನ್ನೆಲ್ಲ ಅವಳು ಅರಬ್ಬಿಯಲ್ಲಿ, ಗೋಧಿಯಿಂದ ಕಲ್ಲು ಆರಿಸುವಷ್ಟು ನಿಧಾನವಾಗಿ ಹೇಳಿದಳು. ಹಿಂದಿನಿಂದ ಘಾನಿಂ ಎರಡು ಸಲ ಕೆಮ್ಮಿದ.

"ಚಿಕ್ಕಪ್ಪನವರ ಮಗಳಿಗೆ?" ಅಂತ ಕೇಳಿದ ಖಾಜಿ.

ಆ ಹುಡುಗಿಯ ಮುಖ ಅವಳಿಗೆ ನೆನಪಿರಲಿಲ್ಲ. ಅವಳ ಗತಿ ಏನಾದೀತೋ ಅಂತ ಒಂದು ಗಳಿಗೆ ಅನಿಸಿತು. ಏನಾದರೂ ಆಗಲಿ ಅಂದುಕೊಂಡಳು.

"ಕೊಟ್ಟೆ. ಅವಳ ತಾಯಿ ಹೆತ್ತು ಜ್ವರದಲ್ಲಿ ಮಲಗಿದ್ದಳು. ಹನ್ನೆರಡನೆಯ ದಿನ ಸತ್ತಳು. ಹನ್ನೆರಡು ದಿನವೂ ನಾನೇ ಕೊಟ್ಟೆ. ಹುಡುಗ ಆಗ ಒಂದೂವರೆ ವರ್ಷದವನು, ಇನ್ನೂ ಬಿಟ್ಟಿರಲಿಲ್ಲ. ಇವನು ಬಲಕ್ಕೆ, ಅವಳು ಎಡಕ್ಕೆ. ತಂದೆ ಬೇಟೆಗೆ ಹೋಗಿದ್ದ."

"ಕಾನೂನಿನ ಪ್ರಕಾರ ಐದು ಸಲವಾದರೂ ಹೊಟ್ಟೆ ತುಂಬ ಕುಡಿದಿರಬೇಕು."

"ದಿನಕ್ಕೇ ಅಷ್ಟು ಸಲ ಕುಡಿಯುತ್ತಿದ್ದಳು. ಎಡಗಂಕುಳಲ್ಲಿ ಹುಣಸೆಬೀಜದಷ್ಟು ಮಚ್ಚೆಯಿದೆ. ತಂದೆಯನ್ನು ಕೇಳಿ ನೋಡಿ."

"ಸುಳ್ಳು," ಅಂದ ಘಾನಿಂ. "ಇವಳಿಗೆ ತಲೆ ಕೆಟ್ಟಿದೆ."

ದಸ್ತಗೀರನಿಗೆ ಅರಬ್ಬಿ ಅರ್ಥವಾಗದಿದ್ದರೂ ಘಾನಿಮನ ಮುಖ ಅರ್ಥವಾಯಿತು. "ಏನಂದ್ಯೇ ಲೌಡಿ? ಹೇಳಿಕೊಟ್ಟಿದ್ದೇನು, ಬೊಗಳಿದ್ದೇನು?" ಅಂತ ಕೈಯೆತ್ತಿ ಬಂದ. ಖಾಜಿ ಲೇಖನಿ ಎತ್ತಿ ತಡೆದ. ಸಾಕ್ಷಿಯ ಮೈ ಮುಟ್ಟಿದರೆ ಅದನ್ನೂ ಬರೆಯಬೇಕಾಗುತ್ತದೆ ಅಂದ. ಆಮೇಲೆ ಕಾಗದದ ಮೇಲೆ ಬಗ್ಗಿದ.

"ಹುಡುಗನ ಹೆಸರು ಮೊದಲು ಬರೆಯಬೇಡಿ," ಅಂದಳು ನಜ್ಮುನ್ನೀಸಾ.

"ಯಾಕೆ?"

"ನನ್ನ ಹಾಲು ಕುಡಿದವರ ಪಟ್ಟಿ ತಾನೇ ಇದು? ಮೊದಲು ಕುಡಿದವಳು ನನ್ನ ಮಗಳು. ಒಂದೇ ಹಾಲು ಕುಡಿದವರು ಒಡಹುಟ್ಟಿದವರಾದರೆ ಅವಳು ಅಮೀರನ ಅಕ್ಕ. ಅಮೀರನ ಅಕ್ಕ ಮಾಬವ್ವ ಅಂತ ಬರೆಯಿರಿ. ಇಲ್ಲದಿದ್ದರೆ ನಾನು ಹೆಬ್ಬೆಟ್ಟು ಒತ್ತುವುದಿಲ್ಲ."

ಮುದುಕ ಕಾಗದಕ್ಕೆ ಕಣ್ಣು ಹತ್ತಿರ ತಂದ. ಕಾನೂನಿನಲ್ಲಿ ಅವಳ ಮಾತಿಗೆ ಎದುರಿರಲಿಲ್ಲ. ಬರೆದ.

"ಹೇಗೆ ಸತ್ತಳು?"

"ಹಸಿದು. ತಮ್ಮನ ಅರಮನೆಯಲ್ಲಿ. ಅದನ್ನೂ ಬರೆಯಿರಿ."

ಅವನು ಬರೆಯುವಷ್ಟರಲ್ಲಿ ಘಾನಿಂ ಶಾಯಿಡಬ್ಬಿಯನ್ನು ಜೇಬಿಗಿಳಿಸಿದ್ದ. ನಜ್ಮುನ್ನೀಸಾ ತನ್ನ ಬಲಗೈ ನೋಡಿಕೊಂಡಳು. ಬೆಳಿಗ್ಗೆ ಬಿರಿಯಾನಿಗೆ ಕದಡಿದ ಕೇಸರಿ ಬಣ್ಣ ಹೆಬ್ಬೆರಳ ಗೆರೆಗಳಲ್ಲಿ ಹಾಗೇ ಇತ್ತು. ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ಕಾಗದಕ್ಕೆ ಒತ್ತಿದಳು. ಗುರುತು ಸ್ಪಷ್ಟವಾಗಿ ಬಿತ್ತು. ಖಾಜಿ ಕಾಗದ ಮಡಚಿ ಅಂಗಿಯೊಳಗೆ ಇಟ್ಟುಕೊಂಡ.

ಅಷ್ಟರಲ್ಲಿ ಘಾನಿಂ ಫೋನು ಹಚ್ಚಿ ಪಿಸುಗುಟ್ಟುತ್ತಿದ್ದವನು ಅದನ್ನು ತಂದು ಅವಳ ಕಿವಿಗೆ ಒತ್ತಿದ. "ತಪ್ಪಾಯಿತು ಅಂತ ಅವರಿಗೆ ನೀನೇ ಹೇಳು. ಮುದುಕ ಇನ್ನೂ ಇಲ್ಲೇ ಇದ್ದಾನೆ."

"ಯವ್ವಾ," ಅಂತು ಫೋನು.

ಆ ಹುಡುಗನಿಗೆ ಬರುತ್ತಿದ್ದ ಕನ್ನಡ ಅದೊಂದೇ. ಅದು ಅವನು ಕಲಿತ ಮೊದಲ ಮಾತು. ಐದು ವರ್ಷದವನಾದಾಗ ಚಾಟಿಯಿಂದ ಹೊಡೆದು ಬಿಡಿಸಿದ್ದರು. ಕೇಳಿದ ಕೂಡಲೇ ಅವಳ ಎದೆ ತುಂಬಿ ಬಂತು. ಅದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

"ಯವ್ವಾ, ನೀನೇ ನನ್ನ ತಾಯಿ," ಅಂದ, ಈಗ ಅರಬ್ಬಿಯಲ್ಲಿ. "ಮರೆತಿದ್ದೆ ಅನ್ನು, ವಯಸ್ಸಾಯಿತು ಅನ್ನು. ಚಿಕ್ಕಪ್ಪ ನನ್ನನ್ನು ಬಿಡುವುದಿಲ್ಲ."

ಅವಳು ಫೋನು ಕಿತ್ತುಕೊಂಡು ಅಡುಗೆಮನೆಗೆ ನಡೆದಳು. ಘಾನಿಂ, ದಸ್ತಗೀರ್ ಇಬ್ಬರೂ ಹಿಂದೆ ಓಡಿಬಂದರು. ಬಾಗಿಲಲ್ಲಿ ಪದ್ಮಮ್ಮ ಕುದಿಯುವ ಸಾರಿನ ಕೊಳಗ ಎತ್ತಿ ಹಿಡಿದು ನಿಂತಿದ್ದಳು.

"ಒಬ್ಬ ಒಳಕ್ಕೆ ಕಾಲಿಟ್ರೂ ತಲೆ ಮ್ಯಾಲೆ ಉಯ್ದುಬುಡ್ತೀನಿ ನನ್ ಮಕ್ಳ. ಅಲ್ಲೇ ನಿಂತ್ಕೊಳಿ."

ಅವರು ನಿಂತರು.

ನಜ್ಮುನ್ನೀಸಾ ಮಾಂಸ ಇಡುವ ಫ್ರೀಜರ್ ಕೋಣೆಯ ಬಾಗಿಲು ತೆರೆದಳು. ಆಡಿನ ತೊಡೆಗಳು ಹೆಪ್ಪುಗಟ್ಟಿ ಸಾಲಾಗಿ ತೂಗುತ್ತಿದ್ದವು. ಫೋನನ್ನು ಬಾಯಿಯ ಹತ್ತಿರ ತಂದಳು.

"ಯಪ್ಪಾ, ಅವತ್ತ ಬಾಗ್ಲಾ ತಗೀ ಅಂದಿದ್ನಿ. ನಿನಗ ಕೇಳ್ಸಲಿಲ್ಲ. ಇವತ್ತ ನನಗ ಕೇಳ್ಸವಲ್ದು."

ಫೋನನ್ನು ಒಳಗಿನ ಹಲಗೆಯ ಮೇಲೆ, ಮೂಳೆಗಳ ಪಕ್ಕದಲ್ಲಿ ಇಟ್ಟಳು. ಅದರೊಳಗಿಂದ "ಯವ್ವಾ, ಯವ್ವಾ" ಅನ್ನುವುದು ಸಣ್ಣಗೆ ಬರುತ್ತಲೇ ಇತ್ತು. ಅವಳು ಹೊರಗೆ ಬಂದು ದಪ್ಪ ಬಾಗಿಲನ್ನು ತಳ್ಳಿ ಚಿಲಕ ಹಾಕಿದಳು. ಸದ್ದು ನಿಂತಿತು.

"ದಸ್ತಗೀರ್ ಸಾಬ ಜೇಬಿಂದ ತನ್ ಫೋನ್ ತೆಗ್ದವ್ನೆ ಬೂಬಮ್ಮ," ಅಂದಳು ಪದ್ಮಮ್ಮ ತಿರುಗಿ ನೋಡದೆ. "ಇಮಿಗ್ರೇಷನ್ನೋರ್ಗೇ ಇರ್ಬೇಕು."

"ಮಾಡ್ಲಿ ಬಿಡವ್ವ. ಅವರು ಬರೂತನ ಹಿಟ್ಟ ನಾದೂದರ ಮುಗೀತೈತಿ."

ತುದಿಯಿಲ್ಲದ ಎರಡು ಬೆರಳನ್ನು ಚಿಲಕದ ಮೇಲೆ ಇಟ್ಟುಕೊಂಡು ಅವಳು ಅಲ್ಲೇ ನಿಂತಳು. ಎರಡು ಗೋಡೆಯಾಚೆ ಅಳುವ ಕೂಸೊಂದು ಇಪ್ಪತ್ತಾರು ವರ್ಷದ ಮೇಲೆ ಅವಳ ಕಿವಿಗೆ ಬಿತ್ತು. ಅಲ್ಲೇ ನಿಂತು ಅತ್ತಳು, ಚಿಲಕದಿಂದ ಮಾತ್ರ ಕೈ ತೆಗೆಯಲಿಲ್ಲ.