ಅಕ್ಕನ ಅಳತೆಗೆ ಆರು ಕಂತು

ನಮ್ಮ ಬೀದಿಯ ಟೈಲರಮ್ಮನ ಅಂಗಡಿಯಲ್ಲಿ ಒಂದು ಕಪಾಟಿದೆ. ಮುಂಗಡ ಕೊಟ್ಟು ಬಟ್ಟೆ ಹೊಲಿಸಿ, ಬಾಕಿ ಹೊಂದಿಸಲಾಗದೆ ಮತ್ತೆ ಈ ಕಡೆ ತಲೆ ಹಾಕದವರ ಬಟ್ಟೆಗಳೆಲ್ಲ ಅದರಲ್ಲಿವೆ. ಯಾರಾದರೂ “ಕಂತಲ್ಲಿ ಕೊಡ್ತೀನಿ” ಎಂದರೆ ಸಾಕು, ಆಕೆ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಆ ಕಪಾಟಿನತ್ತ ಕೈ ತೋರಿಸುತ್ತಾಳೆ.

ಈ ಟೈಲರಮ್ಮನಿಗೆ ಒಬ್ಬಳೇ ಅಕ್ಕ. ಕಡಲಾಚೆಯ ಒಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಇಬ್ಬರೂ ಎದುರುಬದುರು ಕೂತು ಒಂಬತ್ತು ವರ್ಷವಾಯಿತು. ವರ್ಷಕ್ಕೊಂದು ಅಂಗಿ ಹೊಲಿದು, ಆ ಕಡೆ ಹೋಗುವವರ ಕೈಯಲ್ಲಿ ಕಳಿಸುವುದು ತಂಗಿಯ ರೂಢಿ. ಅಳತೆ ಪುಸ್ತಕದ ಮೊದಲ ಪುಟದಲ್ಲೇ ಅಕ್ಕನ ಅಳತೆ ಇದೆ. ಅದನ್ನು ತೆರೆಯದೆಯೂ ಕತ್ತರಿ ಆಡಿಸಬಲ್ಲಳು.

ಕಳೆದ ವರ್ಷದ ಅಂಗಿ ತಲುಪಿದ ದಿನ, ಅಕ್ಕ ಅದನ್ನು ತೊಟ್ಟು ವಿಡಿಯೊ ಕರೆಯಲ್ಲಿ ನಿಂತಳು.

“ನೋಡೇ, ಎಷ್ಟು ಚೆನ್ನಾಗಿ ಕೂತಿದೆ!”

ಕೂತಿರಲಿಲ್ಲ. ಹೆಗಲ ಹೊಲಿಗೆ ತೋಳಿಗೆ ಇಳಿದಿತ್ತು. ಬೆನ್ನು ತೋರಿಸು ಎಂದರೆ ಅಕ್ಕ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಹಿಂದೆ ಪಿನ್ನು ಚುಚ್ಚಿ ಬಿಗಿ ಮಾಡಿಕೊಂಡಿದ್ದಾಳೆಂದು ಟೈಲರಮ್ಮನಿಗೆ ಗೊತ್ತಾಯಿತು.

“ಅಕ್ಕಾ, ಹುಷಾರಿರ್ಲಿಲ್ವಾ?”

“ಮೂರು ತಿಂಗಳು ಮಲಗಿದ್ದೆ. ಈಗ ಕೆಲಸಕ್ಕೆ ಹೋಗ್ತಿದ್ದೀನಲ್ಲ! ಹೇಳಿದ್ರೆ ನೀನು ಅಲ್ಲಿ ಕೂತು ಕೊರಗ್ತೀಯ ಅಂತ ಹೇಳ್ಲಿಲ್ಲ ಕಣೇ.”

ಅಂದಿನಿಂದ ಟೈಲರಮ್ಮನ ಹೊಲಿಗೆ ನೆಟ್ಟಗೆ ಹೋಗಲಿಲ್ಲ. ಅಕ್ಕನನ್ನು ಕಣ್ತುಂಬ ನೋಡಬೇಕು, ಆ ಹೆಗಲ ಮೇಲೊಮ್ಮೆ ಕೈಯಿಡಬೇಕು, ಅಷ್ಟೇ ಆಸೆ. ಆದರೆ ವಿಮಾನದ ಟಿಕೆಟ್ಟಿಗೆ ಒಂದೇ ಸಲಕ್ಕೆ ಅಷ್ಟು ದುಡ್ಡು ಎಲ್ಲಿಂದ ತರುವುದು?

ಶಾಲೆಯ ಗುಮಾಸ್ತೆ ಮೇಡಂ ಅಂಗಿಯ ತೋಳು ಚಿಕ್ಕದು ಮಾಡಿಸಲು ಬಂದಾಗ ಈ ಸಂಕಟ ಕೇಳಿಸಿಕೊಂಡರು.

“ಕಂತಲ್ಲಿ ಟಿಕೆಟ್ ಮಾಡಿಸಿ ಅಕ್ಕಾ. ನಾನು ತಮ್ಮನ ಹತ್ರ ಹಾಗೇ ಹೋಗಿದ್ದು.”

ಟೈಲರಮ್ಮ ಕಪಾಟಿನತ್ತ ಕೈ ತೋರಿಸಿದಳು. ಅವಳ ಗಂಡ ಬಸ್ ಡ್ರೈವರು. ರಜೆಯ ದಿನವಾದ್ದರಿಂದ ಅಲ್ಲೇ ಕೂತು ಗುಂಡಿ ವಿಂಗಡಿಸುತ್ತಿದ್ದ.

“ಅರ್ಧ ದುಡ್ಡು ಕೊಟ್ಟೋರನ್ನ ನಮ್ಮ ಬಸ್ಸಲ್ಲಿ ಅರ್ಧ ದಾರೀಲಿ ಇಳಿಸ್ತೀವಿ ಮೇಡಂ. ವಿಮಾನದಲ್ಲಿ ಎಲ್ಲಿ ಇಳಿಸ್ತಾರೆ?”

ಮೇಡಂ ಬಿದ್ದು ಬಿದ್ದು ನಕ್ಕರು. ಆದರೆ ಬಿಡಲಿಲ್ಲ.

“ಮೊದಲ ಸಲ ನಾನೂ ಬೇಸ್ತು ಬಿದ್ದೆ. ತಿಂಗಳಿಗೆ ಎಷ್ಟು ಅಂತ ಕೇಳ್ದೆ, ಒಟ್ಟು ಎಷ್ಟು ಅಂತ ಕೇಳ್ಲಿಲ್ಲ. ಹೋಗಿ ಬಂದು ವರ್ಷವಾದ್ರೂ ಕಟ್ತಾನೇ ಇದ್ದೆ.”

“ಮತ್ತೆ ನಮಗ್ಯಾಕೆ ಹೇಳ್ತೀರಿ?”

“ಎರಡನೇ ಸಲ ಎಲ್ಲಾ ಕೇಳಿ ಹೋದೆ, ಅದಕ್ಕೆ! ಮೊದಲು ಹಾರಿ ಆಮೇಲೆ ಕಟ್ಟೋದು ಅಂದ್ರೆ ಅದು ಸಾಲ, ಬಡ್ಡಿ ಎಷ್ಟು ಅಂತ ಕೇಳ್ಬೇಕು. ಮೊದಲೇ ಕಟ್ಟುತ್ತಾ ಬಂದು, ಪೂರ್ತಿ ತೀರಿದ್ಮೇಲೆ ಹಾರೋದೂ ಇದೆ. ಆಗ ಟಿಕೆಟ್ ಕೈಗೆ ಯಾವಾಗ ಬರುತ್ತೆ, ಅಷ್ಟರಲ್ಲಿ ದರ ಏರಿದ್ರೆ ಯಾರ ತಲೆ ಮೇಲೆ, ಅದನ್ನ ಕೇಳ್ಬೇಕು. ಒಂದು ಕಂತು ತಪ್ಪಿದ್ರೆ, ಪ್ರಯಾಣವೇ ನಿಂತ್ರೆ ಏನು ಗತಿ? ಎಲ್ಲಾ ಬರೆಸ್ಕೊಳ್ಳಿ. ಬಾಯಿಮಾತು ನಂಬಬೇಡಿ.”

“ಹಾಗಾದ್ರೆ ಈ ಕಪಾಟಿನವರು?” ಎಂದಳು ಟೈಲರಮ್ಮ.

“ಅವರು ಮೊದಲ ಕಂತು ನೋಡಿದ್ರು. ಕೊನೇದು ನೋಡ್ಲಿಲ್ಲ ಅಕ್ಕಾ.”

ಟೈಲರಮ್ಮ ಬಾಯಿಂದ ಪಿನ್ನು ತೆಗೆದು ಮೇಜಿನ ಮೇಲಿಟ್ಟಳು. ಆ ಬಟ್ಟೆಗಳನ್ನು ಕಂಡಾಗಲೆಲ್ಲ ಬರುತ್ತಿದ್ದ ಸಿಟ್ಟು ಅಂದು ಮೊದಲ ಸಲ ಅವಳಿಗೆ ಬರಲಿಲ್ಲ.

ಮರುವಾರ ಗಂಡ ಹೆಂಡತಿ ಟಿಕೆಟ್ ಮಾಡಿಕೊಡುವ ಎರಡು ಅಂಗಡಿಗಳಿಗೆ ಹೋದರು. ಮೊದಲ ಅಂಗಡಿಯವನು ‘ತಿಂಗಳಿಗೆ ಇಷ್ಟೇ ಇಷ್ಟು’ ಎಂದು ಹಾಡಿದ್ದೇ ಹಾಡಿದ. ಒಟ್ಟು ಕೇಳಿದರೆ ಕ್ಯಾಲೆಂಡರ್ ನೋಡಿದ. ಎರಡನೆಯ ಅಂಗಡಿಯಾಕೆ ಎಲ್ಲವನ್ನೂ ಕಾಗದದಲ್ಲಿ ಬರೆದು ಕೊಟ್ಟಳು. ಆರು ಕಂತು. ಮೊದಲ ಕಂತಿನ ದಿನದ ದರವೇ ಕೊನೆಯವರೆಗೆ. ಆರನೆಯದು ಕಟ್ಟಿದ ದಿನ ಟಿಕೆಟ್ ಕೈಗೆ. ಒಟ್ಟಿಗೆ ಕೊಡುವುದಕ್ಕಿಂತ ಸ್ವಲ್ಪ ಹೆಚ್ಚು, ಎರಡು ಅಂಗಿಯ ಮಜೂರಿಯಷ್ಟು. ಬೇಡವೆಂದರೆ ಎಷ್ಟು ಹಿಡಿದುಕೊಳ್ಳುತ್ತಾರೆಂಬುದೂ ಅದರಲ್ಲಿತ್ತು.

ಡ್ರೈವರು ಕಾಗದವನ್ನು ಎರಡೆರಡು ಸಲ ಓದಿದ.

“ಕೆಲಸ ಕಡಿಮೆ ಇರೋ ತಿಂಗಳಲ್ಲಿ ಹೇಗ್ರೀ ಕಟ್ಟೋದು?” ಎಂದು ಹೆಂಡತಿಯೇ ಹಿಂಜರಿದಳು.

“ಆ ತಿಂಗಳು ನಾನು ಓವರ್‌ಟೈಮ್ ಮಾಡ್ತೀನಿ. ನೀನು ಹೋಗಿ ಬಾ ಕಣೇ. ಒಂಬತ್ತು ವರ್ಷದಿಂದ ಫೋನ್ ಇಟ್ಟ ಮೇಲೆ ನಿನ್ನ ಮುಖ ನೋಡ್ತಿರೋನು ನಾನು.”

ಈಗ ಐದು ಕಂತು ಮುಗಿದಿವೆ. ಮೊನ್ನೆ ಅಕ್ಕ ಫೋನಿನಲ್ಲಿ ಕೇಳಿದಳು: “ಈ ವರ್ಷದ ಅಂಗಿ ಹೊಲಿದ್ಯೇನೇ?”

“ಇಲ್ಲ. ಬಟ್ಟೆ ಮಾತ್ರ ತೆಗೆದಿಟ್ಟಿದ್ದೀನಿ. ಬರೋ ತಿಂಗಳು ಅಲ್ಲಿಗೇ ಬಂದು ಅಳತೆ ತಗೋತೀನಿ. ನೆಟ್ಟಗೆ ನಿಂತ್ಕೋಬೇಕು. ಪಿನ್ನು ಗಿನ್ನು ನಡೆಯಲ್ಲ.”

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು.

ಇದನ್ನು ಓದುತ್ತಿರುವ ನಿಮಗೂ ದೂರದಲ್ಲಿ ಯಾರೋ ಇದ್ದಾರು. ದುಡ್ಡೆಲ್ಲ ಒಟ್ಟಾದ ಮೇಲೆ ಹೋದರಾಯಿತು ಎಂದು ವರ್ಷ ತಳ್ಳುತ್ತಿದ್ದೀರಿ. ಕಂತಿನ ದಾರಿ ಇದೆ. ಹೆದರಿ ಬಿಡಬೇಡಿ, ಕಣ್ಣು ಮುಚ್ಚಿ ಸಹಿಯನ್ನೂ ಹಾಕಬೇಡಿ. ಒಟ್ಟು ಎಷ್ಟೆಂದು ಕೇಳಿ, ಬರೆಸಿಕೊಳ್ಳಿ, ಕೈ ಬಿಗಿಯಾದ ತಿಂಗಳಲ್ಲೂ ಕಟ್ಟಲು ಆಗುವುದೇ ಎಂದು ಮನೆಯವರೆಲ್ಲ ಕೂತು ನೋಡಿ. ಆದರೆ ಹೊರಡಿ. ನಿಮ್ಮ ಬಳಿಯಿರುವುದು ಅವರ ಹಳೆಯ ಅಳತೆ.