ಟಾಪು ಕುಯ್ದ ಕಾರು

ತುಮಕೂರಿನಲ್ಲಿ ಟಿಂಕರ್ ಕೆಲಸ ಬಲ್ಲವರು ಬೇಕಾದಷ್ಟು ಜನ ಇದ್ದರು. ಆದರೆ ಸುತ್ತಿಗೆ ಏಟಿನ ಗುರುತೇ ಉಳಿಯದ ಹಾಗೆ ತಗಡು ಸಪಾಟು ಮಾಡುವವನು ಕನಕರಾಜು ಒಬ್ಬನೇ ಅಂತ ಊರು ಹೇಳುತ್ತಿತ್ತು. ಊರಿಗಿಂತ ಒಂದು ಕೈ ಜಾಸ್ತಿಯಾಗಿ ಅವನೇ ಹೇಳಿಕೊಳ್ಳುತ್ತಿದ್ದ. ಹದಿನೈದು ವರ್ಷ ಲಾರಿ ಬಾಡಿ ಕಟ್ಟುವ ಕಡೆ ಮೈಮುರಿದು ದುಡಿದು, ಆಮೇಲೆ ಶಿರಾ ಗೇಟಿನ ಹತ್ತಿರ ಸ್ವಂತ ಶೆಡ್ಡು ಹಾಕಿದ್ದ. ಲಾರಿಯಲ್ಲಿ ಭಾರವನ್ನೆಲ್ಲ ಹೊರುವುದು ಕೆಳಗಿನ ಚಾಸಿ, ಆ ಉದ್ದನೆಯ ಎರಡು ಕಬ್ಬಿಣದ ತೊಲೆ. ಮೇಲಿನದೆಲ್ಲ ಬರೀ ಅಂಗಿ. ಬೇಕಾದರೆ ಹೊಲಿ, ಬೇಡವಾದರೆ ಬಿಚ್ಚಿ ಬಿಸಾಕು. ಅವನು ಕಲಿತ ವಿದ್ಯೆಯ ಸಾರ ಅಷ್ಟೇ, ಅವನು ಕೆಟ್ಟದ್ದೂ ಅದರಿಂದಲೇ.

ಎರಡು ಸಾವಿರದ ಎರಡನೇ ಇಸವಿಯ ಮಾತು. ಅವನ ಹೆಂಡತಿ ಶಾಂತಲಾಳ ಅಕ್ಕ ಸುಬ್ಬಲಕ್ಷ್ಮಮ್ಮನನ್ನು ಗುಬ್ಬಿಗೆ ಕೊಟ್ಟಿದ್ದರು. ಆಕೆಯ ಗಂಡ ಅನಂತರಾಜುಗೆ ಕೊಬ್ಬರಿ ಮಂಡಿ, ತೆಂಗಿನ ತೋಟ, ಹೋದಲ್ಲಿ ಬಂದಲ್ಲಿ ಕುರ್ಚಿ. ಕೆಟ್ಟ ಮನುಷ್ಯನೇನಲ್ಲ ಬಿಡಿ. ಆದರೆ ಷಡ್ಡಕನನ್ನು ನಾಲ್ಕು ಜನಕ್ಕೆ ಪರಿಚಯ ಮಾಡುವಾಗ ಹೆಸರು ಹೇಳುತ್ತಿರಲಿಲ್ಲ, 'ಇವ್ನು ನಮ್ ಟಿಂಕರ್ರು' ಅನ್ನುತ್ತಿದ್ದ. ಆ ಮಾತು ಹನ್ನೆರಡು ವರ್ಷದಿಂದ ಕನಕರಾಜುವಿನ ಅಂಗಾಲಲ್ಲಿ ಮುರಿದ ಮುಳ್ಳಾಗಿ ಕೂತಿತ್ತು. ಅನ್ನ ಉಣ್ಣುವಾಗಲೂ ಚುಚ್ಚುತ್ತಿತ್ತು.

ಅನಂತರಾಜುವಿನ ಒಬ್ಬನೇ ಮಗ ಅಂಜನ್‌ಗೆ ಮದುವೆ ಗೊತ್ತಾದಾಗ ಕನಕರಾಜು ತಾನಾಗಿ ಎದ್ದು ನಿಂತ. ಗುಬ್ಬಿ ಸೀಮೆಯಲ್ಲಿ ಯಾರೂ ಕಂಡಿರಬಾರದು, ಅಂಥ ಓಪನ್ ಕಾರಿನಲ್ಲಿ ಮದುಮಗನನ್ನು ಮೆರವಣಿಗೆ ತರುತ್ತೇನೆ, ಕಾರು ನನ್ನದೇ, ಕೈಕೆಲಸವೂ ನನ್ನದೇ ಅಂದ. ಅದಕ್ಕೆ ಬದಲಾಗಿ ಒಂದೇ ಒಂದು ಕೇಳಿದ. ಹನ್ನೊಂದು ವರ್ಷದ ತನ್ನ ಮಗಳು ಇಂಪನಾ ಕಳಸಗಿತ್ತಿಯಾಗಬೇಕು. ಮದುಮಗನ ಪಕ್ಕದಲ್ಲಿ ಕಳಸ ಹಿಡಿದು ಕೂರುವುದು ತಂಗಿಯ ಹಕ್ಕು. ಅಂಜನ್‌ಗೆ ಒಡಹುಟ್ಟಿದ ತಂಗಿ ಇರಲಿಲ್ಲವಾಗಿ, ಅನಂತರಾಜುವಿನ ತಮ್ಮನ ಮಗಳು ಸ್ವರ್ಣ ಅಂತ ಆಗಲೇ ತೀರ್ಮಾನವಾಗಿ, ಅವಳಿಗೆ ರೇಷ್ಮೆ ಲಂಗವನ್ನೂ ಹೊಲಿಸಿದ್ದರು. ಚಿಕ್ಕಮ್ಮನ ಮಗಳೂ ತಂಗಿಯೇ ತಾನೆ ಅಂತ ಕನಕರಾಜು ಪಟ್ಟು ಹಿಡಿದ. ಕಾರಿನ ಆಸೆಗೆ ಅನಂತರಾಜು ಹೂಂ ಅಂದ. ಹತ್ತು ವರ್ಷದ ಸ್ವರ್ಣ ಎರಡು ದಿನ ಅನ್ನ ಬಿಟ್ಟು ಅತ್ತಳಂತೆ.

ಕಾರು ಕುಣಿಗಲ್ಲಿನದು. ತೀರಿಹೋದ ಡಾಕ್ಟರ್ ಏಕಾಂತಯ್ಯನವರ ಮನೆ ಹಿಂದಿನ ಹಂಚಿನ ಕೊಟ್ಟಿಗೆಯಲ್ಲಿ ಏಳೆಂಟು ವರ್ಷದಿಂದ ಧೂಳು ತಿನ್ನುತ್ತಾ ನಿಂತಿತ್ತು. ಅರವತ್ತರ ದಶಕದ ಇಂಗ್ಲೆಂಡ್ ಗಾಡಿ, ಓಟಕ್ಕೆ ಅಂತಲೇ ಮಾಡಿದ್ದು. ಎರಡೇ ಬಾಗಿಲು, ನೆಲಕ್ಕೆ ಅಂಟಿದಂತೆ ಕುಳ್ಳು, ಮುಂದಿನ ಗಾಜಿನಿಂದ ಹಿಂದಿನ ತುದಿಯವರೆಗೆ ಜಾರಿ ಇಳಿಯುವ ಟಾಪು. ನೋಡಿದರೆ ಕೈ ಆಡಿಸಬೇಕು ಅನ್ನಿಸುವಂಥ ಚೆಲುವು. ಡಾಕ್ಟರ ಮಕ್ಕಳು ಜಾಗ ಖಾಲಿಯಾದರೆ ಸಾಕಪ್ಪ ಅಂತ ಹಳೇ ಕಬ್ಬಿಣದ ಲೆಕ್ಕದಲ್ಲಿ ಕೊಟ್ಟರು. ಇಪ್ಪತ್ತು ವರ್ಷ ಅದನ್ನು ರಿಪೇರಿ ಮಾಡಿದ್ದ ಮುದುಕ ಮೆಕ್ಯಾನಿಕ್ ಬೆಟ್ಟಯ್ಯ ಇಂಜಿನ್ನು ಎಬ್ಬಿಸಿಕೊಟ್ಟ. ಟಾಪು ಕುಯ್ಯುವ ಸಂಗತಿ ಮಾತ್ರ ಕನಕರಾಜು ಅವನ ಕಿವಿಗೆ ಹಾಕಲಿಲ್ಲ.

ಕುಯ್ಯುವ ಕೆಲಸ ಒಂದೇ ಬೆಳಗ್ಗೆ ಮುಗಿಯಿತು. ಮುಂದಿನ ಗಾಜಿನ ಚೌಕಟ್ಟು ಉಳಿಸಿಕೊಂಡು, ಕಂಬಗಳಿಗೆ ಗರಗಸ ಹಾಕಿ, ಇಬ್ಬರು ಹಿಡಿದು ಎತ್ತಿದರೆ ಟಾಪು ಪಾತ್ರೆ ಮುಚ್ಚಳದ ಹಾಗೆ ಈಚೆ ಬಂತು. ಕೊನೆಯ ಕಂಬ ಬಿಟ್ಟುಕೊಂಡಾಗ ಗಾಡಿಯ ಒಳಗೆಲ್ಲೋ ಒಂದು ಸದ್ದಾಯಿತು. ಜೋರಾಗೇನಲ್ಲ, ಮಲಗಿದವರು ನಿದ್ದೆಯಲ್ಲಿ ನರಳಿದ ಹಾಗೆ. ಕನಕರಾಜು ಬೀಡಿ ಹಚ್ಚಿದ. ಟಾಪಿಲ್ಲದ ಕಾರನ್ನು ನೋಡಿ ಅವನ ಎದೆ ಎರಡು ಗೇಣು ಉಬ್ಬಿತು.

ಮಾರನೇ ದಿನ ಬಲಗಡೆ ಬಾಗಿಲು ತೆಗೆಯಲು ಹೋದರೆ ಬರಲಿಲ್ಲ. ಎಳೆದ, ಗುದ್ದಿದ, ಏನೂ ಆಗಲಿಲ್ಲ. ಕೊನೆಗೆ ಗಾಡಿಯ ನಡುವಿಗೆ ಕೆಳಗಿನಿಂದ ಜಾಕು ಕೊಟ್ಟು ಎರಡು ಸುತ್ತು ತಿರುಗಿಸಿದ ಕೂಡಲೇ ತಾನಾಗಿ ತೆರೆದುಕೊಂಡಿತು. ಅಷ್ಟರಲ್ಲೇ ಅವನಿಗೆ ತಿಳಿಯಬೇಕಿತ್ತು, ತಿಳಿಯಲಿಲ್ಲ. ಮಳೆಗಾಲದಲ್ಲಿ ಮರದ ಬಾಗಿಲು ಹಿಡಿದುಕೊಂಡರೆ ಕೀಸುಳಿ ಹಾಕುವುದಿಲ್ಲವೇ, ಹಾಗೇ ಅವನು ಬಾಗಿಲಿನ ಅಂಚನ್ನು ಗ್ರೈಂಡರಿನಲ್ಲಿ ಸವರಿದ. ಬಾಗಿಲು ಸಲೀಸಾಯಿತು. ನಾಲ್ಕು ದಿನ ಬಿಟ್ಟು ಮತ್ತೆ ಹಿಡಿದುಕೊಂಡಿತು. ಮತ್ತೆ ಸವರಿದ. ಹಾಲಿನ ಕೆನೆ ಬಣ್ಣ ಹೊಡೆಸಿ, ಒಳಗೆ ಕೆಂಪು ರೆಕ್ಸಿನ್ ಹಾಸಿದ ಮೇಲೆ, ಬಾಗಿಲ ಬುಡದಲ್ಲಿ ಕೂದಲೆಳೆಯಷ್ಟು ಒಂದು ಬಿರುಕು ಕಂಡಿತು. ಪುಟ್ಟಿ ಮೆತ್ತಿ ಉಜ್ಜಿ ಬಣ್ಣ ಹಚ್ಚಿದ. ಬೆಳಗ್ಗೆ ಬಂದು ನೋಡಿದರೆ ಅದೇ ಜಾಗದಲ್ಲಿ ಅದೇ ಬಿರುಕು.

ಮದುವೆಗೆ ನಾಲ್ಕು ದಿನ ಇದೆ ಅನ್ನುವಾಗ ಬೆಟ್ಟಯ್ಯ ಯಾವುದೋ ಸಾಮಾನು ತರಲು ತುಮಕೂರಿಗೆ ಬಂದವನು ಶೆಡ್ಡಿಗೂ ಬಂದ. ಕಾರನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಆಮೇಲೆ ಹತ್ತಿರ ಹೋಗಿ ಮಂಡಿಯೂರಿ, ಬಾಗಿಲಿನ ಸಂದಿಯ ಉದ್ದಕ್ಕೂ ಬೆರಳು ಎಳೆದ. ಕೆಳಗೆ ಬೆರಳು ತೂರುತ್ತಿತ್ತು, ಮೇಲೆ ಉಗುರೂ ತೂರಲಿಲ್ಲ.

"ಈ ಗಾಡೀಗೆ ಚಾಸಿ ಇಲ್ಲ ಕಣಪ್ಪ," ಅಂದ. "ಟಾಪೂ ತಳಾನೂ ಒಂದನ್ನೊಂದು ಹಿಡ್ಕಂಡು ನಿಂತಿದ್ವು. ನೀನು ಟಾಪು ತೆಗ್ದುಬುಟ್ಟೆ. ಈಗ ಇದು ನಡು ಮುರ್ದ ದನ. ಬಾಗ್ಲ ಕೆಳಗೆ ಎರಡೂ ಕಡೆ ದಪ್ಪದ ಚೌಕದ ಪೈಪು ಕೊಟ್ಟು ವೆಲ್ಡಿಂಗ್ ಮಾಡು. ಅಲ್ಲೀಗಂಟ ಇದ್ರಲ್ಲಿ ಮಕ್ಕಳು ಮರೀನ ಕೂರಿಸ್ಬೇಡ."

ಕನಕರಾಜು ನಕ್ಕ. ಎಷ್ಟು ಲಾರಿ ಕಟ್ಟಿದೀನಿ ಗೊತ್ತಾ ಬೆಟ್ಟಣ್ಣ ಅಂದ, ಕಾಫಿ ಕುಡಿಸಿ ಬಸ್ಸು ಹತ್ತಿಸಿ ಬಂದ. ಬಂದವನು ಕಾರಿನ ಕೆಳಗೆ ಮಲಗಿ ನೋಡಿದ. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಕೈಯಾಡಿಸಿದ. ತೊಲೆ ಇರಲಿಲ್ಲ. ಬರೀ ತಗಡು, ಅದೂ ಕೆಲವು ಕಡೆ ತುಕ್ಕು ಹಿಡಿದು ಹಪ್ಪಳವಾಗಿತ್ತು.

ಪೈಪು ಹಾಕಬೇಕೆಂದರೆ ಸೀಟು, ರೆಕ್ಸಿನ್ನು, ಬಣ್ಣ ಎಲ್ಲ ಕಿತ್ತು ಹೊಸದಾಗಿ ಶುರುಮಾಡಬೇಕು. ನಾಲ್ಕು ದಿನದಲ್ಲಿ ಆಗುವ ಮಾತಲ್ಲ. ಅನಂತರಾಜುಗೆ ಫೋನು ಮಾಡಿ ಕಾರು ಆಗಲಿಲ್ಲ ಅನ್ನಬೇಕು. ಅನ್ನಲೆಂದು ಎಸ್‌ಟಿಡಿ ಬೂತಿಗೂ ಹೋದ. ಆ ಕಡೆಯಿಂದ ಅನಂತರಾಜು, ಊರಿಗೆಲ್ಲ ಹೇಳಿದೀನಪ್ಪ, ಕಾರು ನೋಡಕ್ಕೇ ಜನ ಬರ್ತಾರೆ ಅಂದ. ಕನಕರಾಜು ಎಲ್ಲಾ ರೆಡಿ ಭಾವ ಅಂದು ಫೋನಿಟ್ಟ. ಆ ಸಂಜೆ ತಾನೊಬ್ಬನೇ ಕೂತು ಕ್ಯಾತ್ಸಂದ್ರದವರೆಗೆ ಓಡಿಸಿಕೊಂಡು ಬಂದ. ಬೆಣ್ಣೆಯಂತೆ ಓಡಿತು. ಮೆರವಣಿಗೆಯಲ್ಲಿ ನಡೆಯುವವರ ವೇಗಕ್ಕಿಂತ ಜೋರಾಗಿ ಯಾರು ತಾನೇ ಓಡಿಸುತ್ತಾರೆ, ಮುದುಕನಿಗೆ ಅರಳುಮರಳು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮನಸ್ಸು ಅರ್ಧ ಒಪ್ಪಿತು, ಅರ್ಧ ಒಪ್ಪಲಿಲ್ಲ.

ವರಪೂಜೆಯ ದಿನ ಸಾಯಂಕಾಲ ಐದಕ್ಕೆ ಗುಬ್ಬಿಯಲ್ಲಿ ಮೆರವಣಿಗೆ ಹೊರಟಿತು. ಕೆನೆ ಬಣ್ಣದ ಕಾರಿಗೆ ಸೇವಂತಿಗೆ, ಸುಗಂಧರಾಜ. ಸ್ಟೀರಿಂಗ್ ಹಿಡಿದು ಅನಂತರಾಜುವಿನ ಮಂಡಿಯ ಡ್ರೈವರ್, ಹಿಂದಿನ ಸೀಟಿನ ಮೇಲ್ಗಡೆ ಅಂಜನ್, ಪಕ್ಕದಲ್ಲಿ ಹಸಿರು ಲಂಗದ ಇಂಪನಾ, ಮಡಿಲಲ್ಲಿ ಕಳಸ. ದಾರಿಯುದ್ದಕ್ಕೂ ಜನ. ಅನಂತರಾಜು ಕಾರಿನ ಮುಂದೆ ನಿಂತು ಕನಕರಾಜುವಿನ ಕೊರಳಿಗೆ ಹಾರ ಹಾಕಿದ. "ಇವರು ನಮ್ಮ ಷಡ್ಡಕರು, ಕನಕರಾಜು ಅಂತ. ಈ ಕಾರು ಇವರ ಕೈಯಿಂದಾನೇ ಆದದ್ದು," ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಕನಕರಾಜುವಿನ ಕಣ್ಣಲ್ಲಿ ನೀರು ಬಂತು. ಹನ್ನೆರಡು ವರ್ಷಕ್ಕೆ ಮುಳ್ಳು ಈಚೆ ಬಂದಿತ್ತು.

ಮದುಮಗನ ಗಾಡಿ ಅಂದ ಮೇಲೆ ಮನೆತನದ ಮಕ್ಕಳೆಲ್ಲ ಹತ್ತಬೇಕು, ಅದು ನಮ್ಮ ಕಡೆ ಯಾರೂ ಹೇಳಿಕೊಡದ ಪದ್ಧತಿ. ಮುಂದೆ ಡ್ರೈವರ್ ಪಕ್ಕ ಇಬ್ಬರು, ಅವರ ತೊಡೆಯ ಮೇಲೆ ಇಬ್ಬರು, ಹಿಂದೆ ನಾಲ್ವರು, ಬಾಗಿಲ ಮೇಲೆ ಕಾಲು ಇಳಿಬಿಟ್ಟು ಸೋದರಮಾವನೊಬ್ಬ. ಇಳೀರೋ ಅನ್ನಬೇಕಾದವರೇ ಎತ್ತಿ ಎತ್ತಿ ಕೂರಿಸುತ್ತಿದ್ದರು. ಪಕ್ಕದಲ್ಲಿ ನಡೆಯುತ್ತಿದ್ದ ಕನಕರಾಜುವಿನ ಕಣ್ಣು ಬಾಗಿಲಿನ ಬುಡಕ್ಕೆ ಹೋಯಿತು. ಪುಟ್ಟಿ ಸಿಡಿದು ಉದುರಿತ್ತು. ಕೂದಲೆಳೆಯಷ್ಟಿದ್ದ ಬಿರುಕಿನಲ್ಲಿ ಈಗ ಬೆರಳು ತೂರುತ್ತಿತ್ತು. ಚಕ್ರ ಒಂದು ಸುತ್ತು ತಿರುಗಿದರೆ ಅದು ಬಾಯಿ ತೆರೆಯುತ್ತಿತ್ತು, ಇನ್ನೊಂದು ಸುತ್ತಿಗೆ ಮುಚ್ಚುತ್ತಿತ್ತು.

ಮುಂದೆ ಛತ್ರದ ಬೀದಿಗೆ ತಿರುಗುವ ಕಡೆ ಮೋರಿಯ ಮೇಲೆ ಎತ್ತರದ ಉಬ್ಬು ಇತ್ತು. ಅಲ್ಲಿಗೆ ನೂರು ಹೆಜ್ಜೆಯೂ ಇರಲಿಲ್ಲ. ನಿಲ್ಲಿಸ್ರಪ್ಪ, ಎಲ್ಲಾ ಇಳೀರಿ, ನನ್ನ ಕೆಲಸದಲ್ಲಿ ತಪ್ಪಾಗಿದೆ ಅಂತ ಒಂದು ಮಾತು ಕೂಗಿದ್ದರೆ ಸಾಕಿತ್ತು. ಬಾಯಿ ತೆರೆದ. ಕೊರಳಲ್ಲಿ ಹಾರ ಇತ್ತು. ಎದುರಿಗೆ ಅನಂತರಾಜು ನಗುತ್ತಾ ಹಿಮ್ಮುಖವಾಗಿ ನಡೆಯುತ್ತಿದ್ದ. ಕೂಗಲಿಲ್ಲ. ಬದಲಿಗೆ ಅವನು ಕಾರಿನ ಹಿಂದಕ್ಕೆ ಹೋಗಿ ಮಗಳ ತೋಳು ಹಿಡಿದ.

"ಅಮ್ಮ ಕರೀತವ್ಳೆ, ಇಳಿ," ಅಂದ.

ಈಗಲಾ ಅಪ್ಪ, ಅಂತ ಅವಳು ರಾಗ ಎಳೆದಳು. ಅವನು ಮಾತಿಗೆ ನಿಲ್ಲದೆ ಎತ್ತಿ ಇಳಿಸಿಕೊಂಡ. ಕಳಸ ಮದುಮಗನ ಪಕ್ಕದಿಂದ ಕದಲಬಾರದು, ಅದಕ್ಕೆ ಅಂಜನ್ ಅದನ್ನು ಕೈಯಲ್ಲಿ ಹಿಡಿದುಕೊಂಡು ಯಾರಾದರೂ ಬನ್ರೋ ಅಂದ. ಅಷ್ಟು ಅಂದದ್ದೇ ತಡ, ಕಾರಿನ ಹಿಂದೆಯೇ ಮುಖ ಊದಿಸಿಕೊಂಡು ನಡೆಯುತ್ತಿದ್ದ ಸ್ವರ್ಣಳನ್ನು ಸುಬ್ಬಲಕ್ಷ್ಮಮ್ಮ ಎತ್ತಿ ಆ ಜಾಗದಲ್ಲಿ ಕೂರಿಸಿದಳು. ಹುಡುಗಿಯ ಮುಖ ಅರಳಿಹೋಯಿತು. ಕಳಸವನ್ನು ಎದೆಗೆ ಅವಚಿಕೊಂಡು ಕನಕರಾಜುವಿನ ಕಡೆ ತಿರುಗಿ, "ಥ್ಯಾಂಕ್ಸ್ ಚಿಕ್ಕಪ್ಪ," ಅಂದಳು.

ಆಗಲಾದರೂ ಕೂಗಬಹುದಿತ್ತಲ್ಲ, ಪಾಪಿ! ಇನ್ನೂ ಮೂವತ್ತು ಹೆಜ್ಜೆ ಇತ್ತು. ಅವನು ಮಗಳ ಕೈ ಹಿಡಿದು ಅಂಗಡಿಯೊಂದರ ಜಗಲಿಯ ಪಕ್ಕಕ್ಕೆ ಸರಿದು ನಿಂತ. ಏನೂ ಆಗಲ್ಲ, ಏನೂ ಆಗಲ್ಲ ಅಂತ ಒಳಗೊಳಗೇ ಹೇಳಿಕೊಂಡ.

ಮುಂದಿನ ಚಕ್ರ ಉಬ್ಬನ್ನು ಹತ್ತಿ ಇಳಿದವು. ಕಾರಿನ ಹೊಟ್ಟೆ ಉಬ್ಬಿನ ಮೇಲೆ ಕೂತಿತು. ವಾದ್ಯದ ಸದ್ದನ್ನೂ ಮೀರಿ ತಗಡು ಹರಿದ ಸದ್ದು ಕೇಳಿತು. ಗಾಡಿ ನಡುವಿನಲ್ಲಿ ಮಡಿಚಿಕೊಂಡು, ಮುಂದಿನ ಸೀಟು ಹಿಂದಕ್ಕೆ ಜಾರಿ, ಹಿಂದೆ ಕೂತವರ ಕಾಲಿನ ಮೇಲೆ ಬಿತ್ತು. ಎರಡೂ ಬಾಗಿಲು ಕಚ್ಚಿಕೊಂಡವು. ದೊಡ್ಡವರು ಮೇಲಿನಿಂದ ಹಾರಿಕೊಂಡರು, ಮಕ್ಕಳನ್ನು ಜನ ಎತ್ತಿ ಎತ್ತಿ ಇಳಿಸಿಕೊಂಡರು. ಸ್ವರ್ಣ ಮಾತ್ರ ಬರಲಿಲ್ಲ. ಮಂಡಿಯಿಂದ ಕೆಳಗೆ ಅವಳ ಎರಡೂ ಕಾಲು ಸೀಟಿಗೂ ಮೇಲೆದ್ದ ತಗಡಿಗೂ ನಡುವೆ ಸಿಕ್ಕಿಕೊಂಡಿದ್ದವು. ಕನಕರಾಜು ಎಲ್ಲಿ, ಕರೀರೋ ಅವನನ್ನ, ಅಂತ ಅನಂತರಾಜು ಅರಚಿಕೊಂಡ. ಕನಕರಾಜು ಓಡಿದ. ಹತ್ತಿರದ ಗ್ಯಾರೇಜಿನಿಂದ ಗರಗಸ ತರಿಸಿ, ಕೊರಳ ಹಾರದ ಸಮೇತ ಕೂತು, ತನ್ನ ಕೈಯಿಂದಲೇ ಆ ತಗಡನ್ನು ಎರಡನೇ ಸಲ ಕುಯ್ದ. ಮಗು ಅಷ್ಟು ಹೊತ್ತಿಗೆ ಅಳುವುದನ್ನು ನಿಲ್ಲಿಸಿತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು, ಜೀವಕ್ಕೆ ಏನೂ ಇಲ್ಲ, ಒಂದು ಕಾಲು ಉಳಿಯಬಹುದು ಅಂದರು. ಇನ್ನೊಂದರ ವಿಷಯ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ವೆರಾಂಡದ ಬೆಂಚಿನ ಮೇಲೆ ಸ್ವರ್ಣಳ ತಾಯಿ ಗೋಡೆಗೆ ಒರಗಿ ಕೂತಿದ್ದಳು. ಅನಂತರಾಜು, ಹಳೇ ಗಾಡಿ, ಯಾರ ತಪ್ಪೂ ಅಲ್ಲ ಬುಡು, ಅಂತ ಷಡ್ಡಕನ ಬೆನ್ನು ಸವರಿದ. ಆ ಕೈ ತಗುಲಿದ ಕಡೆ ಕನಕರಾಜುವಿನ ಮೈ ಉರಿಯಿತು.

ಸುಬ್ಬಲಕ್ಷ್ಮಮ್ಮ ಇಂಪನಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ನೇವರಿಸುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ನೀನು ಇವಳನ್ನ ಕರೆಸ್ಕೊಂಡ್ಯಲ್ಲ ಶಾಂತಾ, ತಾಯಿ ಕರುಳು ಅಂದ್ರೆ ಇದೇ ನೋಡು, ನಿನಗೆ ಮುಂಚೇನೇ ಗೊತ್ತಾಗೋಯ್ತು, ಅಂದಳು.

ಶಾಂತಲಾ ಅಕ್ಕನ ಮುಖ ನೋಡಿದಳು. ಮಗಳ ಮುಖ ನೋಡಿದಳು. ಆಮೇಲೆ ನಿಧಾನವಾಗಿ ಗಂಡನ ಕಡೆಗೆ ತಿರುಗಿದಳು.

"ನಾನು ಕರೀಲೇ ಇಲ್ಲ ಕಣಕ್ಕ," ಅಂದಳು.