ಹತ್ತು ನಿಮಿಷದ ಪರೀಕ್ಷೆ

"ಏನಮ್ಮ ಇದು, ಜೋಳ ಹುರಿದಂಗೆ ಪಟಪಟ ಅಂತಿದೆ! ಇದನ್ನ ಕನ್ನಡ ಅಂತಾರಾ?"

ವಿನೋಬನಗರದ ಸಹಕಾರ ಸಂಘವೊಂದರ ಕಾರ್ಯದರ್ಶಿ ಏಕಾಂತಪ್ಪ, ಸಂಘಮಿತ್ರಾಳ ಇಯರ್‌ಫೋನ್ ತೆಗೆಸಿ ಕಂಪ್ಯೂಟರಿಗೆ ಸ್ಪೀಕರ್ ಹಾಕಿಸಿದ್ದರು. ಹುಟ್ಟಿನಿಂದ ಕಣ್ಣಿಲ್ಲದ ಹುಡುಗಿ ಪತ್ರ ತಿದ್ದುತ್ತಾಳೆಂದರೆ ಯಾರೋ ಫೋನಿನಲ್ಲಿ ಹೇಳಿಕೊಡುತ್ತಿರಬೇಕು ಎಂಬುದು ಅವರ ಗುಮಾನಿ. ಟೈಪಿಸ್ಟ್ ಕೆಲಸದ ಪರೀಕ್ಷೆ ಅದು. ಒಂದು ಪುಟದ ಪತ್ರದಲ್ಲಿ ಹದಿನಾಲ್ಕು ತಪ್ಪುಗಳು, ತಿದ್ದಲು ಹತ್ತು ನಿಮಿಷ. ಅವಳಿಗೆ ಆರು ನಿಮಿಷವೇ ಧಾರಾಳ.

"ನಂಗೆ ಈ ಸ್ಪೀಡಲ್ಲೇ ಅರ್ಥ ಆಗುತ್ತೆ ಸರ್. ಕೇಳಿ ಕೇಳಿ ರೂಢಿ ಆಗಿದೆ."

ಪರದೆಯ ಮೇಲಿನದನ್ನು ಓದಿ ಹೇಳುವ ಆ ಸಾಫ್ಟ್‌ವೇರನ್ನು ಕಣ್ಣಿಲ್ಲದವರೇ ಬರೆದು ಜಗತ್ತಿಗೆಲ್ಲ ಪುಕ್ಕಟೆ ಬಿಟ್ಟಿದ್ದರು. ಭದ್ರಾವತಿಯ ಮನೆಯಲ್ಲಿ ಎರಡು ವರ್ಷ ಕೂತು, ದಿನಕ್ಕಿಷ್ಟಿಷ್ಟು ವೇಗ ಏರಿಸಿಕೊಂಡು ಅವಳು ಕಿವಿ ಪಳಗಿಸಿದ್ದಳು. "ಫ್ರೀ ಸರ್, ಯಾರು ಬೇಕಾದ್ರೂ ಹಾಕ್ಕೋಬಹುದು" ಎಂದು ಬಂದ ತಕ್ಷಣ ಹೆಮ್ಮೆಯಿಂದ ಹೇಳಿ, ಪೆನ್‌ಡ್ರೈವಿನಿಂದ ಅದನ್ನು ಕಚೇರಿಯ ಕಂಪ್ಯೂಟರಿಗೆ ಹಾಕಿದ್ದಳು.

"ನಮಗೂ ಅರ್ಥ ಆಗ್ಬೇಕಲ್ಲಮ್ಮ. ನಿಧಾನ ಮಾಡು."

ಅವಳು ನಿಧಾನ ಮಾಡಿದಳು. ಯಂತ್ರ ಒಂದೊಂದೇ ಪದ ಬಿಡಿಸಿ "ಮಾನ್ಯರೇ" ಎಂದಿತು.

"ಅಯ್ಯೋ, ಮಾತಾಡ್ತು ಕಣ್ರೀ!" ಗುಮಾಸ್ತೆ ಸುವರ್ಣಮ್ಮ ಕುರ್ಚಿ ಸರಿಸಿ ಓಡಿ ಬಂದರು. "ನನ್ನ ಹೆಸರು ಹೇಳ್ಸಮ್ಮ."

"ನಂದೂ ಹೇಳ್ಸಿ ಮೇಡಂ" ಎಂದು ಜವಾನ ಕೃಷ್ಣಪ್ಪ ಮುಂದೆ ನುಗ್ಗಿದ.

"ತಡಿಯೋ ಮಾರಾಯ, ಮೊದ್ಲು ನಂದು!"

ಸಂಘಮಿತ್ರಾಳಿಗೆ ಸಮಯದ ಪರಿವೆ ಇಲ್ಲದೆ ಇರಲಿಲ್ಲ. ಆದರೆ ಇವರಿಗೆ ಮೆಚ್ಚುಗೆಯಾದರೆ ಕೆಲಸ ಕೈಗೆ ಬಂದಂತೆಯೇ ಎಂದುಕೊಂಡಳು ಪಾಪದ ಹುಡುಗಿ. ಹೇಳಿದ ಹೆಸರುಗಳನ್ನೆಲ್ಲ ಟೈಪ್ ಮಾಡಿದಳು. ಅಷ್ಟರಲ್ಲಿ ಯಾರೋ ಅವಳ ಕೈ ಪಕ್ಕಕ್ಕೆ ಸರಿಸಿ ತಾವೇ ಕೀಲಿ ಒತ್ತಿದರು. "ಡೊಳ್ಳುಹೊಟ್ಟೆ ಏಕಾಂತಪ್ಪ" ಎಂದು ಯಂತ್ರ ಗಂಭೀರವಾಗಿ ಓದಿತು. ಕಚೇರಿಗೆ ಕಚೇರಿಯೇ ಬಿದ್ದು ಬಿದ್ದು ನಕ್ಕಿತು. ಏಕಾಂತಪ್ಪನವರೂ ಮೇಜು ಗುದ್ದಿ ನಕ್ಕರು. ಮುಂದಿನದು "ಕುರುಡಿ ಬಂದಳು." ಆಗಲೂ ಅಷ್ಟೇ ನಗು. ಸಂಘಮಿತ್ರಾ ಕೂಡ ನಕ್ಕಳು. ಆ ನಗುವಿಗಾಗಿ ಅವಳು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

"ಸರಿ, ಟೈಮ್ ಆಯ್ತು" ಎಂದರು ಏಕಾಂತಪ್ಪ. "ಮೂರೇ ತಿದ್ದಿದೀಯಲ್ಲಮ್ಮ."

"ಸರ್, ನೀವೆಲ್ಲ ಹೆಸರು ಹೇಳ್ಸು ಅಂದ್ರಿ... ಇನ್ನೈದು ನಿಮಿಷ ಕೊಡಿ ಸರ್."

"ರೂಲ್ಸು ಎಲ್ರಿಗೂ ಒಂದೇ. ಕಣ್ಣಿಲ್ಲ ಅಂತ ನಿನಗೆ ಬೇರೆ ಮಾಡಿದ್ರೆ ನಿನಗೇ ಅವಮಾನ ಅಲ್ವಾ?" ದನಿಯಲ್ಲಿ ಮರುಕ ಬೇರೆ. "ಹಾಂ, ಅದನ್ನ ಕಂಪ್ಯೂಟರಿಂದ ತೆಗೀಬೇಡ. ಫ್ರೀ ಅಂದ್ಯಲ್ಲ? ಮಜಾ ಇದೆ."

"ಇರ್ಲಿ ಸರ್" ಎಂದಳು. ಬೇಡ ಎನ್ನಲು ಅದು ಅವಳೊಬ್ಬಳ ಸೊತ್ತಾಗಿರಲಿಲ್ಲ.

ಗೋಡೆ ಹಿಡಿದು ಹೊರಬಂದಾಗ ಬೀದಿಯಲ್ಲಿ ಕಾಯುತ್ತಿದ್ದ ಅಪ್ಪ ಓಡಿ ಬಂದು ಕೈ ಹಿಡಿದ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕುಲುಮೆ ಮುಂದೆ ದುಡಿದ ಧರ್ಮಪ್ಪನ ಅಂಗೈ ಒರಟು.

"ಏನು ನಗು, ಏನು ನಗು! ಬೀದಿ ತನಕ ಕೇಳ್ತಿತ್ತು ಕಣಮ್ಮ. ನನಗಾಗ್ಲೇ ಗೊತ್ತಾಯ್ತು, ಇವರು ನನ್ನ ಮಗಳನ್ನ ಒಪ್ಕೊಂಡ್ರು ಅಂತ. ತಡೀಲಾರ್ದೆ ನಿಮ್ಮಮ್ಮಂಗೆ ಫೋನ್ ಮಾಡ್ಬಿಟ್ಟೆ. ಅವಳಾಗ್ಲೇ ಲೈನ್ ಮನೆಗಳಿಗೆಲ್ಲ ಸಕ್ಕರೆ ಹಂಚೋಕೆ ಹೊರಟ್ಲು!"

"ಅಪ್ಪಾ..."

"ಆಮೇಲೆ ಹೇಳುವಂತೆ. ಮೊದ್ಲು ಬಾಯಿ ಸಿಹಿ ಮಾಡ್ಕೋ." ಕಾಗದದ ಪೊಟ್ಟಣ ಬಿಚ್ಚುವ ಸದ್ದಾಯಿತು. "ಆ ಅನ್ನು."

ಸಂಘಮಿತ್ರಾ ಬಾಯಿ ತೆರೆದಳು. ಪೇಡಾ ನಾಲಿಗೆಯ ಮೇಲೆ ಕರಗಿ ಮುಗಿಯುವವರೆಗೂ ಅಪ್ಪ ಅವಳ ಕೈ ಬಿಡಲಿಲ್ಲ.